ಬೊಗಸೆಯಲ್ಲಿರುವ ಮಾತ್ರೆಗಳು

ಕೇಳುಗರೇ, ನಮಸ್ಕಾರ. ಯೋನಿಯ ಸೋಂಕಿನ ಬಗ್ಗೆ ನಾವು ಹೆಂಗಸರು ವೈದ್ಯರ ಮುಂದೆ ಕೂಡ ದನಿ ತಗ್ಗಿಸಿಯೇ ಮಾತಾಡುತ್ತೇವೆ. ಬಿಳಿ ಸೆರಗು ಜಾಸ್ತಿ, ವಾಸನೆ ಅಂತ ಹೇಗೋ ಹೇಳಿ ಮುಗಿಸುತ್ತೇವೆ. ‘ಬೇರೆ ಮಾತ್ರೆ ಏನಾದರೂ ತಗೊಳ್ತೀರಾ?’ ಅಂದರೆ ‘ಇಲ್ಲ’ ಅಂದುಬಿಡುತ್ತೇವೆ. ಕ್ಯಾಲ್ಸಿಯಂ, ಐರನ್ ನಮ್ಮ ಲೆಕ್ಕದಲ್ಲಿ ಮಾತ್ರೆಗಳೇ ಅಲ್ಲ, ಅಲ್ವಾ?

ಅಲ್ಲೇ ಎಡವುವುದು. ಗರ್ಭಕೋಶದ ಬಾಯಿಗೆ ಕ್ಲಮೈಡಿಯಾ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ತಗುಲಿದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬರೆಯುತ್ತಾರೆ. 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ತಿಂಡಿ ಆದಮೇಲೆ ಇದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗಿದಿರಿ ಅಂದುಕೊಳ್ಳಿ. ಹೊಟ್ಟೆಯಲ್ಲಿ ಅವೆರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಔಷಧಿ ರಕ್ತಕ್ಕೆ ಸೇರುವುದಿಲ್ಲ, ಸುಮ್ನೆ ಹೊರಗೆ ಹೋಗುತ್ತದೆ. ಜಿಂಕ್, ಮೆಗ್ನೀಸಿಯಂ ಮಾಡುವುದೂ ಇದನ್ನೇ. ನಡುವೆ ಎರಡು-ಮೂರು ಗಂಟೆ ಬಿಡಿ. ಐರನ್ ಇನ್ನೂ ಹಟಮಾರಿ. ರಕ್ತ ಸೇರಿ, ಪಿತ್ತದ ಜೊತೆ ಮತ್ತೆ ಕರುಳಿಗೆ ಇಳಿದ ಡಾಕ್ಸಿಸೈಕ್ಲಿನ್ನನ್ನೂ ಅದು ಹಿಡಿದುಕೊಳ್ಳುತ್ತದೆ. ಹಾಗಾಗಿ ಆ 7 ದಿನ ಐರನ್ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದಾಗ ಬರುವ ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೆ ಕೊಡುವ ಮೆಟ್ರೊನಿಡಜೋಲ್‌ಗೆ ಈ ಅಂಟಿನ ಕಾಟವಿಲ್ಲ. ಅಲ್ಲಿ ನೋಡಬೇಕಾದದ್ದು ಟಾನಿಕ್ ಬಾಟಲಿ. ಕೆಲವು ಟಾನಿಕ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಮೆಟ್ರೊನಿಡಜೋಲ್ ಜೊತೆ ಅದು ಸೇರಿದರೆ ನಿಜಕ್ಕೂ ತೊಂದರೆಯಾಗುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಆದರೂ ಮಾತ್ರೆಯ ಜೊತೆ ಬರುವ ಕೆಲವು ಚೀಟಿಗಳಲ್ಲಿ ಎಚ್ಚರಿಕೆ ಇದೆ: ಕೋರ್ಸ್ ಮುಗಿದು 3 ದಿನದವರೆಗೂ ಆಲ್ಕೋಹಾಲ್ ಬೇಡ. ಅಷ್ಟು ದಿನ ಟಾನಿಕ್ ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಔಷಧಿಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಯೋನಿಯನ್ನು ಕಾಯುವುದು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೆಟ್ರೊನಿಡಜೋಲ್ ಜೆಲ್ ಮುಗಿದ ಮೇಲೆ ಕೆಲವರಿಗೆ ಆ ಜಾತಿಯ ಒಂದು ಬ್ಯಾಕ್ಟೀರಿಯಾ ಕೊಟ್ಟರು. ಅವರಲ್ಲಿ 12 ವಾರದೊಳಗೆ ಸೋಂಕು ಮರಳಿದ್ದು ನೂರಕ್ಕೆ 30 ಜನರಿಗೆ. ಹುಸಿ ಔಷಧಿ ಪಡೆದವರಲ್ಲಿ ನೂರಕ್ಕೆ 45. ಆದರೆ ಗಮನಿಸಿ, ಅದನ್ನು ಯೋನಿಯೊಳಗೆ ಇಡಲಾಗಿತ್ತು, ನುಂಗಿದ್ದಲ್ಲ. ಬಾಯಲ್ಲಿ ನುಂಗುವ ಕ್ಯಾಪ್ಸೂಲ್‌ಗೆ ಅಷ್ಟು ಗಟ್ಟಿ ಆಧಾರವಿಲ್ಲ. ತಗೊಳ್ಳುವುದಾದರೆ ಆಂಟಿಬಯಾಟಿಕ್ ನುಂಗಿ ಎರಡು ಗಂಟೆಯಾದರೂ ಆಗಲಿ. ಇಲ್ಲದಿದ್ದರೆ ಔಷಧಿ ಅದನ್ನೂ ಕೊಂದುಬಿಡಬಹುದು.

ಬೋರಿಕ್ ಆಸಿಡ್ ಕ್ಯಾಪ್ಸೂಲ್ ಮಾತ್ರ ಯಾವ ಕಾರಣಕ್ಕೂ ಬಾಯಿಗೆ ಹಾಕಬೇಡಿ. ಅದು ಯೋನಿಯೊಳಗೆ ಇಡುವಂಥದ್ದು, ಹೊಟ್ಟೆಗೆ ಹೋದರೆ ವಿಷ. ವಿಟಮಿನ್ ಡಬ್ಬಿಗಳ ಜೊತೆ ಅದನ್ನು ಇಟ್ಟಿದ್ದರೆ, ಇವತ್ತೇ ಬೇರೆ ಕಪಾಟಿಗೆ ಸೇರಿಸಿ. ನಮಸ್ಕಾರ.