ಭೂಮಿ ಹುಣ್ಣಿಮೆ: ಕೊಯ್ಲಿಗೂ ಮುಂಚಿನ ಊಟ

ಕೇಳುಗರೇ, ನಮಸ್ಕಾರ.

ಸುಗ್ಗಿ ಹಬ್ಬ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಸಂಕ್ರಾಂತಿ. ಎಳ್ಳು ಬೆಲ್ಲ, ಕಬ್ಬು, ದನಗಳಿಗೆ ಕಿಚ್ಚು ಹಾಯಿಸುವುದು. ಜನವರಿ 14ಕ್ಕೋ 15ಕ್ಕೋ ದೇಶದ ಉದ್ದಗಲಕ್ಕೂ ಒಂದಲ್ಲ ಒಂದು ಹೆಸರಲ್ಲಿ ನಡೆಯುತ್ತದೆ. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಕಡೆಯ ರೈತರ ಮನೆಗಳಲ್ಲಿ ಕೇಳಿ ನೋಡಿ. ಭೂಮಿ ಹುಣ್ಣಿಮೆಯ ಸಡಗರವೇ ಜಾಸ್ತಿ ಅನ್ನುತ್ತಾರೆ. ಅದು ಬರುವುದು ಕೊಯ್ಲಿಗೂ ಮುಂಚೆ!

ವಿಜಯದಶಮಿ ಕಳೆದು ಐದನೇ ದಿನಕ್ಕೆ ಆಶ್ವಯುಜ ಹುಣ್ಣಿಮೆ. ಸೀಗೆ ಹುಣ್ಣಿಮೆ ಅಂತಲೂ ಕರೆಯುವುದುಂಟು. ಮಳೆಗಾಲದಲ್ಲಿ ನಾಟಿ ಮಾಡಿದ ಭತ್ತ ಆ ಹೊತ್ತಿಗೆ ಹೊಡೆಯಾಗಿರುತ್ತದೆ, ಕಾಳಿಗೆ ಹಾಲು ತುಂಬುತ್ತಿರುತ್ತದೆ. ಅಂದರೆ ಭೂಮ್ತಾಯಿ ಬಸುರಿ. ಬಸುರಿಗೆ ಬಯಕೆ ಇರುತ್ತದಲ್ವಾ? ಆ ಬಯಕೆ ತೀರಿಸುವುದೇ ಈ ಹಬ್ಬ.

ಮಹಾನವಮಿ ಹೊತ್ತಿಗೇ ತಯಾರಿ ಶುರು. ಅಟ್ಟದ ಮೇಲಿನ ಬುಟ್ಟಿ ಇಳಿಸಿ ಸಗಣಿ ಬಳಿಯುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು. ಆಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣದಲ್ಲಿ ಚಿತ್ತಾರ. ಕುಂಚ ಪುಂಡಿ ನಾರಿನದು. ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳ ಕೈ ಇದರಲ್ಲಿ ಪಳಗಿದ್ದು. ಗೋಡೆಗೆ ಬರೆಯುವ ಹಸೆ ಚಿತ್ತಾರವೇ ಇಲ್ಲಿ ಬುಟ್ಟಿಗೂ ಬರುತ್ತದೆ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ. ಬುಟ್ಟಿ ಉಬ್ಬಿದ ಕಡೆಯೂ ಗೆರೆ ಸೊಟ್ಟಗಾಗುವುದಿಲ್ಲ. ಇದೇ ಭೂಮಣ್ಣಿ ಬುಟ್ಟಿ. ಜೊತೆಗೆ ಹಚ್ಚಂಬಲಿ ಅನ್ನುವ ಸೊಪ್ಪಿನ ಅಡುಗೆ ಒಯ್ಯಲು ಇನ್ನೊಂದು ಚಿಕ್ಕ ಬುಟ್ಟಿ.

ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಗಂಡಸರು ಬೆಳಗ್ಗೆ ಬುಟ್ಟಿ ಹೊತ್ತು ಹೆಸರು ತಗೊಳ್ಳುತ್ತಾರೆ, ಅದು ಬೇರೆ ಮಾತು! ಒಲೆ ಮೇಲೆ ಕೊಟ್ಟೆ ಕಡುಬು ಬೇಯುತ್ತಿರುತ್ತದೆ. ಹಚ್ಚಂಬಲಿಗೆ ಹಿತ್ತಲು, ಬೇಲಿ, ಕಾಡಿನ ಸೊಪ್ಪುಗಳೆಲ್ಲ ಬೇಕು. ನೂರೊಂದು ಸೊಪ್ಪು ಅನ್ನುವುದು ಮಾತಿಗೆ. ಯಾರೂ ಎಣಿಸುವುದಿಲ್ಲ, ಸಿಕ್ಕಿದ್ದೆಲ್ಲ ಹಾಕುತ್ತಾರೆ.

ಬೆಳಗಿನ ಜಾವ ಗದ್ದೆಗೆ ಹೋಗಿ, "ಹಚ್ಚಂಬ್ಲಿ, ಹಾಲಂಬ್ಲಿ, ಭೂಮ್ತಾಯಿ ಉಂಡ್ಹೋಗ್ಲಿ" ಅಂತ ಕೂಗುತ್ತಾ ಸುತ್ತಲೂ ಹಚ್ಚಂಬಲಿ ಬೀರುತ್ತಾರೆ. ಭತ್ತದ ಸಸಿಗೆ ಸೀರೆ, ಬಳೆ, ಒಡವೆ ಇಟ್ಟು ಪೂಜೆ. ಕಾಗೆಗೂ ಎಡೆ. ಕೆಲವು ಕಡೆ ಒಂದು ಕಡುಬನ್ನು ಗದ್ದೆಯಲ್ಲೇ ಹೂತು, ಕೊಯ್ಲಿನ ವೇಳೆಗೆ ತೆಗೆಯುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಅಲ್ಲೇ ಕೂತು ಉಣ್ಣುವುದು.

ಬೀರಿದ್ದನ್ನು ತಿನ್ನಲು ಹಕ್ಕಿಗಳು ಬರುತ್ತವೆ, ಬಂದವು ಹುಳವನ್ನೂ ಹೆಕ್ಕುತ್ತವೆ, ಅದಕ್ಕೇ ಈ ಪದ್ಧತಿ ಅಂತ ಕೆಲವರು ವಿವರಿಸುತ್ತಾರೆ. ಇರಬಹುದು. ಬಸುರಿಗೆ ಬಡಿಸಲು ಇಷ್ಟೆಲ್ಲ ಕಾರಣ ಯಾಕೆ ಬೇಕೋ! ಉತ್ತರ ಕರ್ನಾಟಕದವರು ಎಳ್ಳ ಅಮಾವಾಸ್ಯೆಗೆ ಜೋಳದ ಹೊಲದಲ್ಲಿ ಚರಗ, ಅಂದರೆ ಅಡುಗೆಯ ಎಡೆ, ಚೆಲ್ಲುತ್ತಾರಲ್ಲ, ಅದೂ ನಿಂತ ಬೆಳೆಗೆ ಮಾಡುವ ಉಪಚಾರವೇ.

ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ. ಹಬ್ಬ ನಿಂತಿಲ್ಲ, ಅಡಿಕೆ ಮರಕ್ಕೇ ಸೀರೆ ಸುತ್ತಿ ಪೂಜೆ ಮಾಡುತ್ತಾರೆ. ಕಷ್ಟವಾಗಿರುವುದು ಸೊಪ್ಪಿಗೆ. ಕಳೆನಾಶಕ ಹೊಡೆದ ಬೇಲಿಯಲ್ಲಿ ಏನು ಸಿಕ್ಕೀತು? ಈ ಸಲ ಔಷಧಿ ಹೊಡೆಯುವ ಮುಂಚೆ ಮನೆಯ ಅಜ್ಜಿಯನ್ನು ಒಮ್ಮೆ ಬೇಲಿ ಸಾಲಿಗೆ ಕರೆದುಕೊಂಡು ಹೋಗಿ. ಯಾವುದನ್ನು ಬಿಡಬೇಕು ಅಂತ ಅವರು ಹೇಳುತ್ತಾರೆ.

ನಮಸ್ಕಾರ.