ಪ್ರೀತಿ ಕಾಣಿಸಿತು, ಅವಳ ಕೆಲಸ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಸೀದಾ ವಿಷಯಕ್ಕೆ ಬರುತ್ತೇನೆ.

ಕೆಲಸಕ್ಕೆ ಹೋಗುವ ಹೆಣ್ಣಿನ ಪ್ರೇಮಕಥೆ ಇರುವ ಸಿನಿಮಾ ನೋಡಿದಾಗೆಲ್ಲ ನನಗೆ ಒಂದೇ ಪ್ರಶ್ನೆ ಬರುತ್ತದೆ. ಇವಳು ಯಾವುದರಲ್ಲಿ ಗಟ್ಟಿಗಿತ್ತಿ? ಎಷ್ಟೋ ಸಲ ಉತ್ತರ ಸಿಗುವುದಿಲ್ಲ. ಅವಳು ಸರಸರ ನಡೆದದ್ದು, ಫೋನಿನಲ್ಲಿ ರೇಗಿದ್ದು, ಊಟಕ್ಕೆ ತಡವಾಗಿ ಬಂದು ಸಾರಿ ಕೇಳಿದ್ದು ಎಲ್ಲ ನೆನಪಿರುತ್ತದೆ, ಕೆಲಸ ಮಾತ್ರ ಕಂಡಿರುವುದಿಲ್ಲ. ಕೆಲಸವನ್ನೇ ತೋರಿಸದೆ ಹೋದರೆ, ಕೊನೆಗೆ ಪ್ರೀತಿಗಾಗಿ ಅವಳು ಬಿಟ್ಟುಕೊಟ್ಟದ್ದು ಏನು ಅಂತ ನಮಗೆ ಹೇಗೆ ಗೊತ್ತಾಗಬೇಕು?

ಹಳೆಯ ಸಿನಿಮಾಗಳಲ್ಲಿ ಇದು ಚೆನ್ನಾಗಿತ್ತು ಅಂದರೆ ಆಶ್ಚರ್ಯ ಆಗಬಹುದು. 1940ರ ‘ಹಿಸ್ ಗರ್ಲ್ ಫ್ರೈಡೇ’ ತಗೊಳ್ಳಿ. ಅದು 1928ರ ಒಂದು ನಾಟಕದಿಂದ ಬಂದದ್ದು, ನಾಟಕದಲ್ಲಿ ವರದಿಗಾರ ಗಂಡಸು. ನಿರ್ದೇಶಕ ಹೋವರ್ಡ್ ಹಾಕ್ಸ್ ಅದನ್ನು ಹೆಣ್ಣಿನ ಪಾತ್ರ ಮಾಡಿದರು. ಹಿಲ್ಡಿ ಪತ್ರಿಕಾ ಕಚೇರಿಗೆ ಬರುವುದೇ, ನಾನು ಈ ಕೆಲಸ ಬಿಟ್ಟು ಬೇರೆ ಮದುವೆ ಆಗುತ್ತಿದ್ದೇನೆ ಅಂತ ಮಾಜಿ ಗಂಡನಿಗೆ ಹೇಳುವುದಕ್ಕೆ. ಆ ಮಾಜಿ ಗಂಡನೇ ಸಂಪಾದಕ. ಆಮೇಲೆ ಒಂದು ದೊಡ್ಡ ಸುದ್ದಿ ಕೈಗೆ ಸಿಗುತ್ತದೆ. ಮದುವೆ ಆಗಬೇಕಾದವನು ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದಾನೆ, ಇವಳು ಟೈಪ್ ಮಾಡುತ್ತಲೇ ಇದ್ದಾಳೆ, ಅವನ ಮಾತು ಅರ್ಧವೂ ಕಿವಿಗೆ ಬೀಳುತ್ತಿಲ್ಲ. ನನಗೆ ಆ ದೃಶ್ಯ ತುಂಬಾ ಇಷ್ಟ. ಅವಳ ಮನಸ್ಸು ಎಲ್ಲಿದೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಗಂತ ಆ ಸಂಪಾದಕ ಒಳ್ಳೆಯ ಗಂಡ ಅಂತ ನಾನು ಹೇಳುತ್ತಿಲ್ಲ. ಮೋಸ ಮಾಡಿಯೇ ಅವಳನ್ನು ಉಳಿಸಿಕೊಳ್ಳುತ್ತಾನೆ. ಕೊನೆಯಲ್ಲಿ ಅವನು ಮುಂದೆ ಹೋಗುತ್ತಾನೆ, ಪೆಟ್ಟಿಗೆ ಹೊತ್ತು ಹಿಂದೆ ಓಡುವವಳು ಅವಳು. ಅದು ಇವತ್ತಿಗೂ ಚುಚ್ಚುತ್ತದೆ.

ಎರಡೇ ವರ್ಷಕ್ಕೆ, 1942ರಲ್ಲಿ, ‘ವುಮನ್ ಆಫ್ ದಿ ಇಯರ್’ ಬಂತು. ಕ್ಯಾಥರೀನ್ ಹೆಪ್‌ಬರ್ನ್ ಅದರಲ್ಲಿ ಲೋಕದ ರಾಜಕೀಯ ಬರೆಯುವ ಅಂಕಣಗಾರ್ತಿ, ಹಲವು ಭಾಷೆ ಬಲ್ಲವಳು. ಗಂಡ ಅದೇ ಪತ್ರಿಕೆಯ ಕ್ರೀಡಾ ಬರಹಗಾರ. ಅಂಥವಳನ್ನು ಕೊನೆಗೆ ಅಡುಗೆಮನೆಯಲ್ಲಿ ನಿಲ್ಲಿಸುತ್ತಾರೆ. ಕಾಫಿ ಉಕ್ಕುತ್ತದೆ, ತಿಂಡಿ ಕೆಡುತ್ತದೆ, ಗಂಡ ನೋಡುತ್ತಿರುತ್ತಾನೆ. ಮೊದಲು ಬರೆದ ಅಂತ್ಯ ಇದಲ್ಲ. ಮುನ್ನೋಟದ ಪ್ರದರ್ಶನ ಆದ ಮೇಲೆ ಬದಲಾಯಿಸಿದ್ದು, ಹೆಪ್‌ಬರ್ನ್‌ಗೂ ಇದು ಹಿಡಿಸಿರಲಿಲ್ಲ. ಅವಳ ಜಾಣತನವನ್ನು ಇಡೀ ಸಿನಿಮಾ ತೋರಿಸಿ, ಕೊನೆಗೆ ಅದಕ್ಕೆ ದಂಡ ಹಾಕಿದ ಹಾಗಿದೆ. ನಾನು ಎಷ್ಟು ಸಲ ನೋಡಿದರೂ ಅಲ್ಲಿ ನನಗೆ ನಗು ಬರುವುದಿಲ್ಲ.

2006ರ ‘ದಿ ಡೆವಿಲ್ ವೇರ್ಸ್ ಪ್ರಾಡಾ’ ನಿಮ್ಮಲ್ಲಿ ಜಾಸ್ತಿ ಜನ ನೋಡಿರುತ್ತೀರಿ, ಅಲ್ವಾ? ಫ್ಯಾಷನ್ ಪತ್ರಿಕೆಯ ಸಂಪಾದಕಿಗೆ ಸಹಾಯಕಿಯಾಗಿರುವ ಆಂಡಿ, ಕೆಲಸದಿಂದಾಗಿ ಗೆಳೆಯನ ಹುಟ್ಟುಹಬ್ಬಕ್ಕೆ ತಡವಾಗಿ ಬರುತ್ತಾಳೆ. ಅವನಿಗೆ ಬೇಜಾರಾಗುವುದು ಸರಿಯೇ. ಆದರೆ ಅವನೂ ಅಡುಗೆಯವನು, ಹೋಟೆಲ್ ಕೆಲಸ ಅಂದರೆ ಅವನದೂ ಹೊತ್ತುಗೊತ್ತಿಲ್ಲದ ದುಡಿಮೆ. ಅವನು ತಡವಾಗಿ ಬಂದ ರಾತ್ರಿಗಳ ಬಗ್ಗೆ ಸಿನಿಮಾ ಒಂದು ಮಾತೂ ಕೇಳುವುದಿಲ್ಲ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು. 1987ರ ‘ಬ್ರಾಡ್‌ಕಾಸ್ಟ್ ನ್ಯೂಸ್’, ನಿರ್ದೇಶನ ಜೇಮ್ಸ್ ಎಲ್. ಬ್ರೂಕ್ಸ್. ಹಾಲಿ ಹಂಟರ್ ಇಲ್ಲಿ ಜೇನ್ ಎಂಬ ಟಿವಿ ಸುದ್ದಿ ನಿರ್ಮಾಪಕಿ. ಪಾತ್ರ ಕಟ್ಟುವುದಕ್ಕೆ ಸೂಸನ್ ಜಿರಿನ್ಸ್ಕಿ ಅನ್ನುವ ನಿಜವಾದ ಸುದ್ದಿ ನಿರ್ಮಾಪಕಿಯೇ ಮಾದರಿ, ಹಾಗಾಗಿ ಕೆಲಸದ ವಿವರಗಳೆಲ್ಲ ಗಟ್ಟಿ. ಒಂದು ದೃಶ್ಯದಲ್ಲಿ ಅವಳ ವಾಹಿನಿಯಲ್ಲಿ ಸುದ್ದಿ ಓದುವ ಟಾಮ್ ನೇರ ಪ್ರಸಾರದಲ್ಲಿ ಕೂತಿದ್ದಾನೆ, ವಿಷಯ ಅವನಿಗೆ ಅಷ್ಟಾಗಿ ಗೊತ್ತಿಲ್ಲ. ಜೇನ್ ಬೇರೆ ಕೋಣೆಯಿಂದ ಅವನ ಕಿವಿಗೆ ಒಂದೊಂದೇ ಮಾತು ಹೇಳಿಕೊಡುತ್ತಾಳೆ, ಅವನು ಅದನ್ನೇ ತನ್ನ ಮಾತಾಗಿ ದೇಶಕ್ಕೆ ಹೇಳುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದೂ ಇಲ್ಲ. ಆದರೂ ಇದಕ್ಕಿಂತ ಚೆಂದದ ಪ್ರೇಮದ ದೃಶ್ಯ ನಾನು ಕಂಡಿಲ್ಲ, ಯಾಕೆಂದರೆ ಪ್ರೀತಿ ಹುಟ್ಟುತ್ತಿರುವುದು ಅವಳ ಕೆಲಸದ ಒಳಗೇ.

ಅದೇ ಪ್ರೀತಿ ಮುರಿಯುವುದೂ ಕೆಲಸದ ಕಾರಣಕ್ಕೇ. ಒಂದು ಸಂದರ್ಶನದಲ್ಲಿ ಟಾಮ್ ಕಣ್ಣೀರು ಹಾಕಿರುತ್ತಾನೆ. ಅಲ್ಲಿದ್ದದ್ದು ಒಂದೇ ಕ್ಯಾಮೆರಾ, ಅದು ಇದ್ದದ್ದು ಅವನ ಎದುರಿಗೆ ಕೂತವರ ಕಡೆ. ಹಾಗಾದರೆ ಆ ಕಣ್ಣೀರು ಆಮೇಲೆ ಚಿತ್ರೀಕರಿಸಿ ಸೇರಿಸಿದ್ದು ಅಂತ ಜೇನ್‌ಗೆ ಗೊತ್ತಾಗುತ್ತದೆ. ಇಬ್ಬರೂ ಒಟ್ಟಿಗೆ ಹೊರಡಬೇಕಿದ್ದ ಪ್ರವಾಸಕ್ಕೆ ಅವಳು ಹೋಗುವುದಿಲ್ಲ. ಗಮನಿಸಿ, ಅವಳಿಗೆ ಟೈಮ್ ಇಲ್ಲ ಅಂತ ಅಲ್ಲ, ಬಡ್ತಿ ಬೇಕು ಅಂತಲೂ ಅಲ್ಲ. ಸುದ್ದಿಯಲ್ಲಿ ಸುಳ್ಳು ಬೆರೆಸುವವನ ಜೊತೆ ಅವಳಿಂದ ಇರಲಾಗುವುದಿಲ್ಲ. ಮುಂಜಾನೆ ಒಬ್ಬಳೇ ಕೂತು ಅಳುವ ಜೇನ್‌ಗೆ ಪ್ರೀತಿ ಎಷ್ಟು ಬೇಕಾಗಿತ್ತು ಅಂತ ನಾವು ಕಂಡಿದ್ದೇವೆ, ಅದಕ್ಕೇ ಅವಳ ಆ ನಿರ್ಧಾರ ಅಷ್ಟು ಭಾರ ಅನ್ನಿಸುತ್ತದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಸತ್ಯಜಿತ್ ರಾಯ್ ಅವರ 1963ರ ‘ಮಹಾನಗರ’. ಮನೆಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುವ ಆರತಿ, ಬ್ಯಾಂಕ್ ಮುಚ್ಚಿ ಕೆಲಸ ಕಳೆದುಕೊಂಡ ಗಂಡ ಸುಬ್ರತ. ಕಾಫಿ ಅಂಗಡಿಯೊಂದರಲ್ಲಿ ಅವಳು ಪರಿಚಯದವನೊಬ್ಬನ ಮುಂದೆ ತನ್ನ ಗಂಡನಿಗೆ ಒಳ್ಳೆಯ ಉದ್ಯೋಗ ಇದೆ ಅನ್ನುವಂತೆ ಮಾತಾಡುತ್ತಾಳೆ, ಅವನ ಮರ್ಯಾದೆ ಉಳಿಸುವುದಕ್ಕೆ. ಸುಬ್ರತ ಅಲ್ಲೇ ಪೇಪರ್ ಮರೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ಕೊನೆಗೆ ಸಹೋದ್ಯೋಗಿ ಎಡಿತ್‌ಗೆ ಅನ್ಯಾಯವಾದಾಗ ಆರತಿ ರಾಜೀನಾಮೆ ಕೊಟ್ಟು ಹೊರಗೆ ಬರುತ್ತಾಳೆ. ಈಗ ಮನೆಯಲ್ಲಿ ಇಬ್ಬರಿಗೂ ಸಂಬಳ ಇಲ್ಲ. ಸುಬ್ರತ ಅವಳನ್ನು ಬೈಯುವುದಿಲ್ಲ. ಇಷ್ಟು ದೊಡ್ಡ ಊರಲ್ಲಿ ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಸಿಗಲ್ವಾ ಅಂತ ಮಾತಾಡಿಕೊಂಡು, ಇಬ್ಬರೂ ಆ ಜನಜಂಗುಳಿಯೊಳಗೆ ನಡೆದು ಹೋಗುತ್ತಾರೆ.