ಈಗ ಏನು ಮಾಡ್ತೀರಿ?

ಕೇಳುಗರೆಲ್ಲರಿಗೂ ನಮಸ್ಕಾರ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಬರೀ ಮಾತಿನಲ್ಲೇ ಕಥೆ ಕಟ್ಟುವ ಆಟದ ಬಗ್ಗೆ ಇವತ್ತು ಹೇಳುತ್ತೇನೆ. ರೋಲ್‌ಪ್ಲೇಯಿಂಗ್ ಗೇಮ್ ಅಂತಾರೆ. ಮನೆಯಲ್ಲಿ ಮಕ್ಕಳು 'ಡಿ ಅಂಡ್ ಡಿ' ಅನ್ನುವುದನ್ನು ಕೇಳಿರುತ್ತೀರಿ, ಅಲ್ವಾ? ಅದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಹೊರಬಂದದ್ದು 1974ರಲ್ಲಿ.

ಒಬ್ಬರು ಆಟ ನಡೆಸುತ್ತಾರೆ. ಕಾಡು, ಕೋಟೆ, ಶತ್ರು ಎಲ್ಲ ಅವರ ಬಾಯಲ್ಲಿ. ಉಳಿದವರಿಗೆ ಒಂದೊಂದು ಪಾತ್ರ. "ಈಗ ಏನು ಮಾಡ್ತೀರಿ?" ಅಂತ ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಕೆಲಸ ಆಗುತ್ತೋ ಇಲ್ಲವೋ ಅನ್ನುವ ಕಡೆ ಇಪ್ಪತ್ತು ಮುಖದ ದಾಳ ಉರುಳಿಸುತ್ತೀರಿ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಅಲ್ಲೂ ವೇಷವಿಲ್ಲ, ಕೂತಲ್ಲೇ ಮಾತು, ಎದುರಿನ ಅರ್ಥಧಾರಿ ಎಸೆದ ಮಾತಿಗೆ ಆಗಿಂದಾಗಲೇ ಉತ್ತರ. ಆದರೆ ಅಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ.

ಮೊದಲ ಸಲ ಆಡುವವರಿಗೆ ನನ್ನದು ಒಂದೇ ಮಾತು: ಪಕ್ಕದವರು ಹೇಳಿದ್ದನ್ನು ಕೇಳಿಸಿಕೊಳ್ಳಿ.

ಒಮ್ಮೆ ನಾನು ನಡೆಸುತ್ತಿದ್ದ ಆಟಕ್ಕೆ ಒಬ್ಬ ಹುಡುಗನ ದೊಡ್ಡಮ್ಮ ಬಂದಿದ್ದರು. ಅವರಿಗೂ ಒಂದು ಪಾತ್ರ ಕೊಟ್ಟೆವು. ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಹುಡುಗನದು ಕಳ್ಳನ ಪಾತ್ರ. ಒಳಗಿನ ನಿಧಿಗಾಗಿ ಕೋಟೆಯ ಹಿಂಬಾಗಿಲ ಬೀಗವನ್ನು ತಂತಿ ಹಾಕಿ ತೆಗೆಯಲು ಹೊರಟ. ದಾಳ ಉರುಳಿಸಿದರೆ ಬರೀ ಮೂರು ಬಿತ್ತು. "ತಂತಿ ಒಳಗೇ ಮುರೀತು. ಸದ್ದಿಗೆ ನಾಯಿ ಬೊಗಳ್ತಾ ಬಂತು," ಎಂದೆ. ಹುಡುಗ ಕತ್ತಿ ತೆಗೆದ. ಆಗ ದೊಡ್ಡಮ್ಮ, "ತಡಿಯೋ, ಅದು ನನ್ನ ನಾಯಿ! ಹೋದ ವರ್ಷ ಕಳೆದುಹೋಗಿತ್ತು," ಎಂದರು. ನಾನು ಬರೆದುಕೊಂಡಿದ್ದ ಹಾಳೆ ಮಡಚಿಟ್ಟೆ. "ಹಾಗಾದ್ರೆ ಅದನ್ನ ಕದ್ದವರು ಯಾರು?" ಎಂದು ಕೇಳಿದೆ. ಅಲ್ಲಿಂದ ನಿಧಿ ಯಾರಿಗೂ ಬೇಡವಾಯಿತು. ಕಾವಲುಗಾರನ ಹೆಸರು, ಅವನ ಸಾಲ, ನಾಯಿ ಮಾರಿದ ಸಂತೆ, ಒಬ್ಬೊಬ್ಬರೂ ಒಂದೊಂದು ಸೇರಿಸುತ್ತಾ ಹೋದರು. ಆ ಹುಡುಗ ತನ್ನ ನಿಧಿಯೇ ಬೇಕು ಅಂತ ಹಟ ಹಿಡಿದಿದ್ದರೆ ಇದ್ಯಾವುದೂ ಹುಟ್ಟುತ್ತಿರಲಿಲ್ಲ. ಅವನು ಕೇಳಿಸಿಕೊಂಡ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಚುಟುಕಾಗಿ. ಮೂಲ ನಿಯಮಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎಲ್ಲ ಬಾಯಿಪಾಠ ಮಾಡಿಕೊಂಡೇ ಬರಬೇಕು ಅಂತ ದಯವಿಟ್ಟು ಕಾಯಬೇಡಿ. ನಟನೆ ಬರಬೇಕಿಲ್ಲ, "ನನ್ನ ಪಾತ್ರ ಬಾಗಿಲು ತಟ್ಟುತ್ತೆ" ಅಂದರೂ ಸಾಕು. ದಾಳ ಇಲ್ಲದಿದ್ದರೆ ಮೊಬೈಲಿನಲ್ಲೇ ಉರುಳಿಸಬಹುದು. ಉರುಳಿಸಿದ ಮೇಲೆ ಮೊಬೈಲನ್ನು ಮಗುಚಿ ಇಡಿ. ಪಕ್ಕದವರು ಮಾತಾಡುತ್ತಿರುತ್ತಾರೆ.